ಸೊಂಟದ ಪಿಸ್ತೂಲಿನ ಪ್ರಶ್ನೆ

(ಮರಳವಾಡಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತಿನ ಬರಹರೂಪ)



ಹೋದ ಸಲ ನಾವು ಇಲ್ಲಿಗೆ ಬಂದಿದ್ದಾಗ ಸಭೆ ಮುಗಿದು ಎಲ್ಲರೂ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಿದ್ದಿರಿ. ಆಗ ನಿಮ್ಮಲ್ಲೇ ಒಬ್ಬ ಹುಡುಗ ನಮ್ಮನ್ನು ನೀರಿನ ತೊಟ್ಟಿ ಹಿಂದಕ್ಕೆ ಕರೆದುಕೊಂಡು ಹೋದ. ದನಿ ತಗ್ಗಿಸಿ ಕೇಳಿದ: "ಅಣ್ಣಾ, ಸೊಂಟದಲ್ಲಿ ಇಟ್ಕೊಂಡ್ರೂ ಅಂಗಿ ಮೇಲೆ ಕಾಣ್ದಂಗಿರೋ ಚಿಕ್ಕ ಪಿಸ್ತೂಲು ಯಾವ್ದು ಒಳ್ಳೇದು? ದಿನಾ ಇಟ್ಕೊಂಡು ಓಡಾಡಂಗಿರ್ಬೇಕು." ನಾವು ನಕ್ಕುಬಿಟ್ಟೆವು. ಸಿನಿಮಾ ನೋಡಿಕೊಂಡು ಬಂದ ಹುಡುಗ ಅಂದುಕೊಂಡೆವು. ಅವನು ನಗಲಿಲ್ಲ.

ಅವನ ಹೆಸರು ಹೇಳುವುದಿಲ್ಲ, ಊರೂ ಹೇಳುವುದಿಲ್ಲ. ಸಂಗತಿ ಮಾತ್ರ ಹೇಳುತ್ತೇವೆ. ಅವನ ತಾತನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ ಜಮೀನು. ಯಾವುದೋ ಕಷ್ಟಕಾಲದಲ್ಲಿ, ಯಾವುದೋ ಮದುವೆಗೆ ಮುಂಚೆ, ತಾತ ಒಂದು ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿದ. ಜಮೀನು ಮೇಲ್ಕೇರಿಗೆ ಹೋಯಿತು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಬಂದ ಮೇಲೆ ಈ ಭಾಗದಲ್ಲಿ ಕಲ್ಲುಭೂಮಿಗೂ ಬೆಲೆ ಬಂದದ್ದು ನಿಮಗೇ ಗೊತ್ತು. ಹುಡುಗನ ಅಪ್ಪ ಪಿಟಿಸಿಎಲ್ ಕಾಯ್ದೆ ಪ್ರಕಾರ ಉಪವಿಭಾಗಾಧಿಕಾರಿ ಕೋರ್ಟಿಗೆ ಅರ್ಜಿ ಹಾಕಿದ್ದಾನೆ. 1978ರ ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ, ತಡವಾಗಿ ಬಂದಿರಿ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬಾರದು ಅಂತ ಆದ ಮೇಲೆ ಅವನಿಗೆ ಧೈರ್ಯ ಬಂತು. ಧೈರ್ಯ ಬಂದ ವಾರಕ್ಕೇ ರಾತ್ರಿ ಹೊತ್ತು ಕೇರಿ ಮುಂದೆ ಬೈಕು ಬರೋದು, ಬಂದು ಮನೆ ಎದುರಿಗೇ ನಿಲ್ಲೋದು, ಹಾರನ್ ಹೊಡೆದು ಹೋಗೋದು ಶುರುವಾಯಿತು. ಜಮೀನು ಹಿಡಿದವರ ಹಜಾರದ ಗೋಡೆ ಮೇಲೆ ಜೋಡುನಳಿಗೆ ಬಂದೂಕು ತೂಗುಹಾಕಿದೆಯಂತೆ. ಹುಡುಗ ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಕೂಲಿ ಕೇಳಲು ಹೋಗಿ ಅಂಗಳದಲ್ಲಿ ನಿಂತು ನೋಡಿದ್ದಾನೆ.

ನಮಗೆ ನಕ್ಕದ್ದಕ್ಕೆ ನಾಚಿಕೆಯಾಯಿತು. "ನಿಂಗೆ ಒಬ್ಬನಿಗೇ ಹೇಳಲ್ಲ ಕಣಪ್ಪಾ, ಮುಂದಿನ ಸಲ ಎಲ್ಲರ ಮುಂದೆ ಹೇಳ್ತೀವಿ" ಅಂದೆವು. ಈ ಪ್ರಶ್ನೆ ಒಬ್ಬನದಲ್ಲ. ಈ ಕೋಣೆಯಲ್ಲಿ ಕೂತಿರುವ ಎಷ್ಟೋ ಜನರ ಮೊಬೈಲಿನಲ್ಲಿ ಪಿಸ್ತೂಲಿನ ಚಿತ್ರಗಳಿವೆ ಅನ್ನುವುದೂ ನಮಗೆ ಗೊತ್ತು. ಅದಕ್ಕೆ ಇವತ್ತು ಬೈಯುವುದಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುತ್ತೇವೆ.

ಮೊದಲು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬದವನ ಕೈಗೆ ಬಂದೂಕು ಬರುವಂತಿಲ್ಲ. ಗುರಿ ಹೊಡೆಯುವ ತರಬೇತಿಗೆ ಅಂತ ಸಣ್ಣ ವಿನಾಯಿತಿ ಇದೆ, ಅದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಕ್ಕಲ್ಲ. ಅಂದರೆ ಇಲ್ಲಿ ಕೂತಿರುವ ಮುಕ್ಕಾಲು ಜನಕ್ಕೆ ಪ್ರಶ್ನೆ ಇಲ್ಲಿಗೇ ಮುಗಿಯಿತು. "ಹಂಗಾದ್ರೆ ಲೈಸೆನ್ಸ್ ಇಲ್ದೇನೇ ಒಂದು ತಗೊಂಡ್ರೆ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಅದನ್ನೂ ಹೇಳೋಣ. ಲೈಸೆನ್ಸಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಸಾಕು, ಹಾರಿಸಬೇಕಾದ್ದಿಲ್ಲ, 2019ರ ತಿದ್ದುಪಡಿ ಆದ ಮೇಲೆ ಕಡಿಮೆ ಅಂದರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಮೊದಲು ಇದು 1ರಿಂದ 3 ವರ್ಷ ಇತ್ತು. ಕಳ್ಳ ಪಿಸ್ತೂಲು ಮಾರಿದವನಿಗೆ, ಮಾಡಿದವನಿಗೆ 7 ವರ್ಷದಿಂದ ಜೀವಾವಧಿವರೆಗೆ.

ಜೈಲಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಹುಡುಗನ ಅಪ್ಪ ಇವತ್ತು ಫಿರ್ಯಾದಿದಾರ. ಮನೆಯ ಅಟ್ಟದಲ್ಲಿ ಒಂದು ನಾಡ ಪಿಸ್ತೂಲು ಸಿಕ್ಕಿದ ದಿನ ಅವನು ಆರೋಪಿಯ ಅಪ್ಪ. ನಮ್ಮವರು ದೌರ್ಜನ್ಯದ ದೂರು ಕೊಟ್ಟ ಸಂಜೆಯೇ ನಮ್ಮವರ ಮೇಲೆ ಪ್ರತಿ ದೂರು ದಾಖಲಾಗುವುದನ್ನು ನಾವು ನೋಡಿ ನೋಡಿ ಸಾಕಾಗಿದ್ದೇವೆ. ಸುಳ್ಳು ಪ್ರತಿ ದೂರಿಗೆ ಸಾಕ್ಷಿ ಹುಡುಕಲು ಅವರು ಕಷ್ಟಪಡಬೇಕು. ನೀವು ಅಟ್ಟದ ಮೇಲೆ ಪಿಸ್ತೂಲು ಇಟ್ಟರೆ ಅವರ ಕೆಲಸ ಹಗುರ ಮಾಡಿಕೊಟ್ಟ ಹಾಗೆ. ಅದೂ ಅಲ್ಲದೆ ಕದ್ದುಮುಚ್ಚಿ ಬರುವ ಆ ಮಾಲು ನೀರಿನ ಪೈಪು, ಹಳೇ ಕಬ್ಬಿಣದಲ್ಲಿ ಕುಲುಮೆಯವನು ಬಡಿದು ಮಾಡಿದ್ದು. ಎದುರಿನವನಿಗೆ ತಗಲುತ್ತದೋ ಇಲ್ಲವೋ, ನಳಿಗೆ ಸಿಡಿದು ಹಿಡಿದವನ ಬೆರಳು ಹಾರಿಹೋಗಬಹುದು.

ಸರಿ, 21 ದಾಟಿದ, ಲೈಸೆನ್ಸ್ ಪಡೆದ ನಮ್ಮ ಮನುಷ್ಯನೊಬ್ಬ ಇದ್ದಾನೆ ಅಂತ ಇಟ್ಟುಕೊಳ್ಳೋಣ. ಆ ಹುಡುಗನ ಅಪ್ಪನೇ ಅನ್ನಿ. ಅವನು ಏನನ್ನು ಆರಿಸಿಕೊಳ್ಳಬೇಕು?

ಇಂಗ್ಲಿಷ್ ಸಿನಿಮಾದಲ್ಲಿ ನೋಡುವ 9 ಎಂ.ಎಂ. ಪಿಸ್ತೂಲು ಇಲ್ಲಿ ಸಾಮಾನ್ಯ ಜನಕ್ಕಿಲ್ಲ. ಅದು ಪೊಲೀಸರ, ಸೈನ್ಯದ ತೋಟಾ. ಕಾನೂನಿನ ಮಾತಿನಲ್ಲಿ ನಿಷೇಧಿತ ಬೋರು. ನಮಗೆ ಉಳಿದಿರುವುದು ಮುಖ್ಯವಾಗಿ .32 ಮತ್ತು .22. ಹೊರದೇಶದ ಮಾಲು ತರಿಸುವ ಬಾಗಿಲು ಮುಚ್ಚಿ ದಶಕಗಳಾದವು. ಹಾಗಾಗಿ ಹೊಸದು ಬೇಕೆಂದರೆ ಹೆಚ್ಚಾಗಿ ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಗಳ ಮಾಲೇ. ಕಾನ್ಪುರದ .32 ರಿವಾಲ್ವರ್ ಹಳೆಯದು, ಬ್ರಿಟಿಷರ ಕಾಲದ ವೆಬ್ಲಿಯ ಅಚ್ಚಿನಿಂದ ಬಂದದ್ದು, ನಡು ಮುರಿದು ತೋಟಾ ತುಂಬುವಂಥದ್ದು. 2014ರ ಜನವರಿಯಲ್ಲಿ ಅದೇ .32ರಲ್ಲಿ 'ನಿರ್ಭೀಕ್' ಅಂತ ಒಂದು ಬಂತು. ಟೈಟಾನಿಯಂ ಬೆರೆಸಿ ಮಾಡಿದ್ದು, ತೂಕ ಅರ್ಧ ಕೆಜಿ. 2016ರಲ್ಲಿ 'ನಿಡರ್' ಅಂತ .22ರದ್ದು ಬಂತು, ಕಾಲು ಕೆಜಿ, ಸುಮಾರು 35 ಸಾವಿರ ರೂಪಾಯಿ ಅಂದರು. 2023ರಲ್ಲಿ 'ಪ್ರಬಲ್' ಬಂತು, ಅದರ ಗುಂಡಿನ ಗೂಡು ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಚಪ್ಪಟೆ ಬೇಕೆನ್ನುವವರಿಗೆ 'ಅಶನಿ' ಅನ್ನುವ .32 ಪಿಸ್ತೂಲಿದೆ.

ಇಲ್ಲಿ ಒಂದು ಮಾತು. ರಿವಾಲ್ವರಿನ .32 ತೋಟಾ ಬೇರೆ, ಪಿಸ್ತೂಲಿನ .32 ತೋಟಾ ಬೇರೆ. ಸಂಖ್ಯೆ ಒಂದೇ ಅಂತ ಒಂದರದ್ದು ಇನ್ನೊಂದಕ್ಕೆ ಹಾಕಲಾಗದು. ಪಿಸ್ತೂಲಿನದ್ದನ್ನೇ 7.65 ಎಂ.ಎಂ. ಅಂತಲೂ ಕರೆಯುತ್ತಾರೆ. ಈ 7.65 ಅನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಪಿಸ್ತೂಲು ಚಪ್ಪಟೆ, ಅಂಗಿ ಕೆಳಗೆ ಚೆನ್ನಾಗಿ ಅಡಗುತ್ತದೆ. ಆದರೆ ಅದಕ್ಕೆ ಕೈ ಪಳಗಬೇಕು. ತೋಟಾ ಹಾರದೆ ಸಿಕ್ಕಿಕೊಂಡರೆ ಮೇಲಿನ ಕವಚ ಎಳೆದು ಅದನ್ನು ಹೊರಹಾಕಿ ಮತ್ತೆ ಹಿಡಿಯಬೇಕು. ಭಯದಲ್ಲಿ ನಡುಗುವ ಕೈಗೆ ಅದು ಕಷ್ಟ. ರಿವಾಲ್ವರಿಗೆ ಹೊಟ್ಟೆ ದಪ್ಪ, ಆರೇ ಗುಂಡು, ಟ್ರಿಗ್ಗರು ಬಿಗಿ. ಒಂದು ತೋಟಾ ಹಾರದಿದ್ದರೆ ಮತ್ತೆ ಒತ್ತಿದರೆ ಮುಂದಿನದು ಬರುತ್ತದೆ. ಟ್ರಿಗ್ಗರ್ ಬಿಗಿ ಇರುವುದೂ ಒಳ್ಳೆಯದೇ, ಎಡವಿ ಬಿದ್ದರೆ ತಾನಾಗಿ ಹಾರುವುದು ಕಡಿಮೆ. ತಿಂಗಳಿಗೊಮ್ಮೆಯೂ ಅಭ್ಯಾಸ ಮಾಡಲು ಆಗದವನು ರಿವಾಲ್ವರೇ ತೆಗೆದುಕೊಳ್ಳುವುದು ಮೇಲು ಅನ್ನುವುದು ನಮ್ಮ ಅಭಿಪ್ರಾಯ. ತೀರಾ ಚಿಕ್ಕದು, ತೀರಾ ಹಗುರ ಅಂತ ಮೋಹಪಡಬೇಡಿ. ಹಗುರವಾದಷ್ಟೂ ಒದೆತ ಜಾಸ್ತಿ, ನಳಿಗೆ ಗಿಡ್ಡ ಆದಷ್ಟೂ ಗುರಿ ತಪ್ಪುವುದು ಜಾಸ್ತಿ. ಹತ್ತು ಹೆಜ್ಜೆ ದೂರದ ತೆಂಗಿನಕಾಯಿಗೆ ಹೊಡೆಯಲು ಕೂಡ ಪಳಗಿದ ಕೈ ಬೇಕು.

ಇನ್ನು ಅಡಗಿಸಿಕೊಂಡು ಓಡಾಡುವ ವಿಷಯ. ನಿಮಗೆ ಆಶ್ಚರ್ಯ ಆಗಬಹುದು, ಅಡಗಿಸಿಯೇ ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಓದಿ. ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಅದರದೇ ಚೀಲದಲ್ಲಿರಬೇಕು, ಇಲ್ಲವೇ ಬೆನ್ನುಚೀಲದಲ್ಲಿ. ಪೂರ್ತಿ ಮುಚ್ಚಿರಬೇಕು, ಹೊತ್ತವನ ಹಿಡಿತದಲ್ಲಿರಬೇಕು. ತೆಗೆದು ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೂ ಈಗ 2 ವರ್ಷದವರೆಗೆ ಶಿಕ್ಷೆ ಅಥವಾ 1 ಲಕ್ಷ ರೂಪಾಯಿ ದಂಡ, ಎರಡೂ ಆಗಬಹುದು. ಆದರೆ ನಮ್ಮ ಕಡೆ ಸೈಟ್ ವ್ಯಾಪಾರದ ಕೆಲವರು ಹೋಟೆಲಿನಲ್ಲಿ ಕೂತು ಕಾಫಿ ಕುಡಿಯುವಾಗ ಅಂಗಿ ಮೇಲೆತ್ತಿ ಸೊಂಟ ತೋರಿಸುತ್ತಾರಲ್ಲ, ಅದು ಯಾವ ನಿಯಮ ಅಂತ ನಮಗೆ ತಿಳಿಯದು. ಅವರದು ಅಡಗಿಸುವ ಬಂದೂಕಲ್ಲ, ಕಾಣಿಸುವ ಬಂದೂಕು.

ಈಗ ಹುಡುಗನ ಅಪ್ಪನ ದಿನ ನೋಡಿ. ಬೆಳಗ್ಗೆ ಆರಕ್ಕೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋಗುತ್ತಾನೆ. ಮೈಮೇಲೆ ಬನಿಯನ್ನು, ಮಂಡಿ ಮೇಲಕ್ಕೆ ಕಟ್ಟಿದ ಪಂಚೆ. ಎಲ್ಲಿ ಸಿಕ್ಕಿಸಿಕೊಳ್ಳುತ್ತಾನೆ? ಬಗ್ಗಿ ಎದ್ದು ಬೆವರುವ ಮೈ, ಆ ಉಪ್ಪುಬೆವರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬದುವಿನ ಮೇಲೆ ಕಳಚಿಟ್ಟರೆ ಅದು ಅವನದಲ್ಲ, ನೋಡಿದವನದು. ಸಂಜೆ ಮನೆ. ಒಂದು ಕೋಣೆ, ಒಂದು ಒಲೆ, ನಾಲ್ಕು ಮಕ್ಕಳು, ಬೀಗವಿಲ್ಲದ ಒಂದು ಟ್ರಂಕು. ಬಂದೂಕನ್ನು ಬೀಗ ಹಾಕಿ ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು, ತೋಟಾ ಬೇರೆ ಇಡಬೇಕು. ಹಾಗೆ ಇಟ್ಟರೆ ರಾತ್ರಿ ಬೈಕು ಬಂದಾಗ ಕೈಗೆ ಸಿಗುವುದಿಲ್ಲ. ಕೈಗೆ ಸಿಗುವ ಹಾಗೆ ದಿಂಬಿನ ಕೆಳಗೆ ಇಟ್ಟರೆ ಆರು ವರ್ಷದ ಮಗುವಿನ ಕೈಗೂ ಸಿಗುತ್ತದೆ. ಕುಡಿದು ಬಂದು ಗಂಡ ಹೆಂಡತಿಗೆ ಹೊಡೆಯುವ ಮನೆಗಳು ನಮ್ಮ ಕೇರಿಯಲ್ಲಿ ಇಲ್ಲವೇ? ಆ ಮನೆಗೆ ಇದೂ ಬಂದರೆ ಮೊದಲ ಗುಂಡು ಯಾರಿಗೆ ಬೀಳುತ್ತದೆ ಅಂತ ಹೆಣ್ಣುಮಕ್ಕಳನ್ನು ಕೇಳಿ, ಅವರು ಹೇಳುತ್ತಾರೆ. ಸಭೆಗಳಲ್ಲಿ ನಾವು ಗಂಡಸರು ಇದನ್ನು ಮಾತಾಡುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹಾಕಿ. ನಿರ್ಭೀಕ್ ಬಂದಾಗ ಅದರ ಬೆಲೆ 1 ಲಕ್ಷ 22 ಸಾವಿರ ರೂಪಾಯಿ ಮೇಲಿತ್ತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಬಲಿಯಾದ ಹೆಣ್ಣುಮಗಳ ನೆನಪಿಗೆ, ಹೆಂಗಸರ ರಕ್ಷಣೆಗೆ ಅಂತ ಇಟ್ಟ ಹೆಸರು ಅದು. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ 2025ರ ಏಪ್ರಿಲ್‌ನಲ್ಲಿ ದಿನಕ್ಕೆ 370 ರೂಪಾಯಿ ಆಯಿತು. ಹತ್ತು ವರ್ಷದ ಹಿಂದಿನ ಬೆಲೆಗೇ ಲೆಕ್ಕ ಹಾಕಿದರೂ 330 ದಿನದ ಕೂಲಿ. ಆಗಿನ ಖಾತರಿಯಂತೆ ವರ್ಷಕ್ಕೆ 100 ದಿನದ ಕೆಲಸ ಅಂದರೆ ಮೂರು ವರ್ಷಕ್ಕೂ ಹೆಚ್ಚು ಉಣ್ಣದೆ, ಉಡದೆ ಕೂಡಿಡಬೇಕಿತ್ತು. ಗಾರ್ಮೆಂಟ್ಸಿಗೆ ಹೋಗಿ ಕತ್ತಲಲ್ಲಿ ಬಸ್ಸಿಳಿದು ಕೇರಿಗೆ ನಡೆದು ಬರುವ ನಮ್ಮ ಅಕ್ಕತಂಗಿಯರು ಯಾರೂ ಅದನ್ನು ಕೊಂಡ ಸುದ್ದಿ ನಮಗಿಲ್ಲ.

ಇಷ್ಟೆಲ್ಲ ಆಗಿ ಪಿಸ್ತೂಲು ಸೊಂಟಕ್ಕೆ ಬಂತು ಅನ್ನೋಣ. ಅದು ಏನನ್ನು ತಡೆಯುತ್ತದೆ?

2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಕೊಂದರು. ಎರಡು ವರ್ಷ ಮುಂಚೆ, 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಕೊಂದಿದ್ದರು. ಎರಡೂ ಕಡೆ ಸಿಕ್ಕಿದ್ದು 7.65 ಎಂ.ಎಂ. ನಾಡ ಪಿಸ್ತೂಲಿನ ಗುಂಡು. ಅಡಗಿಸಿಕೊಂಡು ಬಂದಿದ್ದ ಪಿಸ್ತೂಲು ಕೊಲ್ಲಲು ಬಂದವನ ಹತ್ತಿರ ಇತ್ತು. ದಿನ, ಹೊತ್ತು, ಜಾಗ ಎಲ್ಲವನ್ನೂ ಅವನೇ ಆರಿಸಿಕೊಂಡಿದ್ದ. ಗೇಟಿನ ಮೇಲೆ ಕೈ ಇಟ್ಟ ಹೆಂಗಸಿನ ಕೈಚೀಲದಲ್ಲಿ ಇನ್ನೊಂದು ಪಿಸ್ತೂಲಿದ್ದಿದ್ದರೆ ಅದನ್ನು ಹುಡುಕಿ ತೆಗೆಯುವಷ್ಟು ಸಮಯ ಅವರಿಗೆ ಯಾರು ಕೊಡುತ್ತಿದ್ದರು? ಚಿಕ್ಕ ಬಂದೂಕು ಹೊಂಚುಹಾಕುವವನಿಗೆ ಒದಗುವಷ್ಟು ಕಾದು ಕೂತವನಿಗೆ ಒದಗುವುದಿಲ್ಲ.

ಇನ್ನು ನಮ್ಮ ಕೇರಿಗಳ ಸಾವು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಅಲ್ಲಿ ಬಂದೂಕು ಬೇಕಾಗಲಿಲ್ಲ. ಗುಂಪು, ಬಾಗಿಲು, ಬೆಂಕಿ ಇಷ್ಟೇ ಸಾಕಾಯಿತು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವನು ಅದೇ ಊರಲ್ಲಿ ಅದೇ ಜನರ ಹೊಲದಲ್ಲಿ ಕೂಲಿ ಮಾಡಿ ಉಣ್ಣಬೇಕು. ಆರು ವರ್ಷ ಕೇಸು ನಡೆಯುವಾಗ ಅವನ ನಾಲಿಗೆಯನ್ನು ಕಾಯುವುದು ಯಾವ ರಿವಾಲ್ವರಿನಿಂದ ಆಗುತ್ತಿತ್ತು? ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ, ಹಾಲು ಹಾಕಿಸಿಕೊಳ್ಳುವುದಿಲ್ಲ, ಕೂಲಿಗೆ ಕರೆಯುವುದಿಲ್ಲ ಅಂತ ಬಹಿಷ್ಕಾರ ಹಾಕುತ್ತಾರಲ್ಲ, ಅದಕ್ಕೆ ಎಲ್ಲಿಗೆ ಗುರಿ ಇಡುತ್ತೀರಿ?

"ಹಂಗಾದ್ರೆ ಕೈಕಟ್ಕೊಂಡು ಕೂತ್ಕೋ ಅಂತೀರಾ?" ಅಂತ ಕೇಳುತ್ತೀರಿ. ಇಲ್ಲ. ಇಲ್ಲಿಂದ ಮುಂದೆ ಹೇಳುವುದಕ್ಕೇ ನಾವು ಬಂದದ್ದು.

ಈ ದೇಶದಲ್ಲಿ ಬಂದೂಕು ಯಾವಾಗಲೂ ಜಮೀನನ್ನು ಹಿಂಬಾಲಿಸಿಕೊಂಡು ಹೋಗಿದೆ. 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಬ್ರಿಟಿಷರು ಶಸ್ತ್ರಾಸ್ತ್ರ ಕಾಯ್ದೆ ತಂದು ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಂಡರು, ತಮಗೆ ಬೇಕಾದವರಿಗೆ ಮಾತ್ರ ವಿನಾಯಿತಿ ಕೊಟ್ಟರು. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಹಿಡಿದವರಿಗೂ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಸರಿ ಅಂದಿತು. ಅವರ ಹಬ್ಬದ ಕೋವಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ಜಮ್ಮಾ ಗದ್ದೆಯಲ್ಲಿ ತಲೆತಲಾಂತರದಿಂದ ನಾಟಿ ಮಾಡಿದ ಯರವರಿಗೆ ಆ ವಿನಾಯಿತಿ ಯಾಕಿಲ್ಲ ಅಂತ ಕೇಳುವುದು ತಪ್ಪಲ್ಲ.

ನಮ್ಮ ಕಡೆಗೂ ಬನ್ನಿ. ಬನ್ನೇರುಘಟ್ಟ ಕಾಡಿನ ಅಂಚಿನ ಊರುಗಳು ಇವು. ರಾಗಿ ತೆನೆ ಕಟ್ಟುವ ಹೊತ್ತಿಗೆ ಆನೆ ಬರುತ್ತದೆ, ಹಂದಿ ಬರುತ್ತದೆ. ಬೆಳೆ ಕಾಯುವ ಬಂದೂಕಿನ ಲೈಸೆನ್ಸು ಹೊಲ ಇದ್ದವನಿಗೆ. ರಾತ್ರಿಯೆಲ್ಲಾ ಅಟ್ಟಣೆಯಲ್ಲಿ ಕೂತು ಡಬ್ಬ ಬಡಿದು ಆನೆ ಓಡಿಸುವ ಆಳಿಗೆ ಪಟಾಕಿ. 1959ರ ಕಾಯ್ದೆಯ 13ನೇ ಕಲಮು ಓದಿದರೆ ಇನ್ನೂ ಸ್ಪಷ್ಟ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕನ್ನು ರಕ್ಷಣೆಗೆ ಅಂತ ಕೇಳಿದರೆ, ಅಥವಾ ಬೆಳೆ ಕಾಯಲು ಮದ್ದು ತುಂಬುವ ಬಂದೂಕು ಕೇಳಿದರೆ, ಅಡ್ಡಿ ಇಲ್ಲದಿದ್ದರೆ ಕೊಡಬೇಕು. ಪಿಸ್ತೂಲು, ರಿವಾಲ್ವರಿಗೆ ಮಾತ್ರ 'ತಕ್ಕ ಕಾರಣ' ಇದೆಯೆಂದು ಅಧಿಕಾರಿಗೆ ಮನವರಿಕೆ ಆಗಬೇಕು. ಹಜಾರದ ಜೋಡುನಳಿಗೆ ಹೇಗೆ ಗೋಡೆಗೆ ಬಂತು ಅಂತ ಈಗ ತಿಳಿಯಿತಲ್ಲ.

ಒಂದು ಅನುಭವ ಹೇಳುತ್ತೇವೆ. ಕೆಲವು ವರ್ಷದ ಹಿಂದೆ ಕೊಲೆ ಬೆದರಿಕೆ ಇದ್ದ ನಮ್ಮ ಹಿರಿಯರೊಬ್ಬರ ಜೊತೆ ಲೈಸೆನ್ಸಿಗೆ ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದವರು ಅರ್ಜಿ ಓದುವ ಮುಂಚೆ ಹಿರಿಯರ ಕಾಲಿನ ಚಪ್ಪಲಿ ನೋಡಿದರು. "ಜಮೀನೆಷ್ಟದೆ?" ಅಂದರು. "ಇಲ್ಲ ಸ್ವಾಮಿ." "ವ್ಯಾಪಾರ?" "ಇಲ್ಲ." "ಹಂಗಾದ್ರೆ ನಿಂಗ್ಯಾಕಯ್ಯ ಬಂದೂಕ, ಏನ್ ಕಾಯ್ತೀಯ?" ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವ ಸ್ವಾಮಿ" ಅಂದರು. ಅಲ್ಲಿದ್ದವರು ನಕ್ಕರು. ನಾವೂ ಏನೂ ಹೇಳಲಾಗದೆ ಈಚೆಗೆ ಬಂದೆವು. ಯಾಕೆಂದರೆ ನಮಗೆ ಅವತ್ತು ಕಾಯ್ದೆ ಗೊತ್ತಿರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ 14ನೇ ಕಲಮಿನಲ್ಲಿ ಬರೆದಿದೆ: ಸಾಕಷ್ಟು ಆಸ್ತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. 18ನೇ ಕಲಮಿನಲ್ಲಿ ಮೇಲ್ಮನವಿಗೆ ದಾರಿಯಿದೆ. ಆ ಪುಟ ಹಿಡಿದುಕೊಂಡು ಹೋಗಿದ್ದರೆ ನಗುತ್ತಿದ್ದರೋ ಇಲ್ಲವೋ!

ಇನ್ನೂ ದೊಡ್ಡದು ಬೇರೆ ಕಡೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ನಿಮಗೆಲ್ಲ ಗೊತ್ತು. ಅದರ ಕೆಳಗೆ 1995ರಲ್ಲಿ ಬಂದ ನಿಯಮಗಳನ್ನು ಎಷ್ಟು ಜನ ಓದಿದ್ದೀರಿ? ಕೈ ಎತ್ತಿ. ಆಯಿತು, ನಾವೂ ತಡವಾಗಿಯೇ ಓದಿದವರು. ಅದರ 3ನೇ ನಿಯಮ ಹೇಳುವುದು ಇದು. ದೌರ್ಜನ್ಯ ನಡೆಯಬಹುದು ಅಥವಾ ಮತ್ತೆ ನಡೆಯಬಹುದು ಅನ್ನುವ ಪ್ರದೇಶವನ್ನು ಸರ್ಕಾರ ಗುರುತಿಸಬೇಕು. ಜಿಲ್ಲಾಧಿಕಾರಿ, ಎಸ್.ಪಿ. ಅಲ್ಲಿಗೆ ಹೋಗಿ ನೋಡಬೇಕು. ಅಗತ್ಯ ಕಂಡರೆ ಆ ಪ್ರದೇಶದಲ್ಲಿ ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ, ಮನೆ ಸ್ನೇಹಿತರ ಬಂದೂಕು ಲೈಸೆನ್ಸು ರದ್ದು ಮಾಡಿ ಬಂದೂಕುಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಹಾಕಿಸಬೇಕು. ಕಳ್ಳ ಬಂದೂಕು ಹಿಡಿಯಬೇಕು. ಜೀವ ಮತ್ತು ಆಸ್ತಿಯ ರಕ್ಷಣೆಗೆ ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಲೈಸೆನ್ಸು ಕೊಡಬೇಕು. ವಿಶೇಷ ಪೊಲೀಸ್ ದಳ ಇಡಬೇಕು.

ಒಂದೇ ನಿಯಮದಲ್ಲಿ ಅವರ ಕೈಯಿಂದ ತೆಗೆಯುವುದೂ ಇದೆ, ನಮ್ಮ ಕೈಗೆ ಕೊಡುವುದೂ ಇದೆ. ನಮ್ಮ ಹುಡುಗರಿಗೆ ಎರಡನೆಯದರ ಮೇಲೆ ಕಣ್ಣು. ನಮ್ಮ ಮಟ್ಟಿಗೆ ಮೊದಲನೆಯದೇ ದೊಡ್ಡದು. ಹಜಾರದ ಜೋಡುನಳಿಗೆ ಸರ್ಕಾರಿ ಜೀಪಿನಲ್ಲಿ ಊರ ನಡುವೆ ಹಾದು ಶಸ್ತ್ರಾಗಾರಕ್ಕೆ ಹೋಗುವುದನ್ನು ಇಡೀ ಕೇರಿ ನಿಂತು ನೋಡಿದರೆ, ಅಪ್ಪನ ಸೊಂಟದ ಆರು ಗುಂಡಿಗಿಂತ ಹೆಚ್ಚು ಕೆಲಸ ಆಗುತ್ತದೆ. ಮಕ್ಕಳು ಮಲಗುವ ಕೋಣೆಗೆ ಬಂದೂಕು ಬರುವುದೂ ತಪ್ಪುತ್ತದೆ. ಇದು ಆಗದ ಕೆಲಸ ಅನ್ನಬೇಡಿ. ಪ್ರತಿ ಚುನಾವಣೆಗೂ ಇದೇ ಬಂದೂಕುಗಳನ್ನು ಠಾಣೆಗೆ ತರಿಸಿ ಇಟ್ಟುಕೊಳ್ಳುತ್ತಾರೆ. ಓಟು ಕಾಯುವುದಕ್ಕೆ ಆಗುವುದು ನಮ್ಮ ಜೀವ ಕಾಯುವುದಕ್ಕೆ ಯಾಕೆ ಆಗುವುದಿಲ್ಲ?

ಹಾಗಂತ ಲೈಸೆನ್ಸು ಕೇಳಬೇಡಿ ಅಂತಲೂ ನಾವು ಹೇಳುವುದಿಲ್ಲ. ಕೇಳುವುದು ಹಕ್ಕು. ಕೇಳಿದ ಮೇಲೆ ಬೆದರಿಕೆ ಇದೆ ಅನ್ನುವುದು ಸರ್ಕಾರದ ಕಾಗದದ ಮೇಲೆ ಬರುತ್ತದೆ, ಪೊಲೀಸ್ ವರದಿ ಬರೆಯಲೇಬೇಕಾಗುತ್ತದೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ ಕರಿಯರು ಬಸ್ ಬಹಿಷ್ಕಾರ ನಡೆಸುತ್ತಿದ್ದಾಗ, 1956ರ ಜನವರಿ 30ರ ರಾತ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬು ಹಾಕಿದರು. ಹೆಂಡತಿ, ಕೈಗೂಸು ಒಳಗಿದ್ದರು, ಹೇಗೋ ಉಳಿದರು. ಕಿಂಗ್ ಆಗ 27ರ ಹುಡುಗ. ಅವರೂ ನಿಮ್ಮ ಪ್ರಶ್ನೆಯನ್ನೇ ಕೇಳಿದರು, ಬಂದೂಕು ಇಟ್ಟುಕೊಂಡು ಓಡಾಡಲು ಪರವಾನಗಿಗೆ ಅರ್ಜಿ ಹಾಕಿದರು. ಬಿಳಿಯ ಅಧಿಕಾರಿಗಳು ಕೊಡಲಿಲ್ಲ. ಬಾಂಬು ಬಿದ್ದ ಮನೆಯವನಿಗೇ ತಕ್ಕ ಕಾರಣ ಇಲ್ಲವಾದರೆ ಇನ್ನು ಯಾರಿಗಿದೆ! ಆಮೇಲೆ ಅವರು ತಾವಾಗಿಯೇ ಬಂದೂಕಿನ ಯೋಚನೆ ಬಿಟ್ಟರು. 1967ರಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಪ್ಯಾಂಥರ್ ಯುವಕರು ಕಾನೂನು ಒಪ್ಪುವ ಹಾಗೆಯೇ ಬಂದೂಕು ಕಾಣುವಂತೆ ಹಿಡಿದು ನಿಂತರು. ಆ ವರ್ಷವೇ ರೇಗನ್ ಸರ್ಕಾರ ತುಂಬಿದ ಬಂದೂಕು ಬಹಿರಂಗವಾಗಿ ಹಿಡಿಯುವುದನ್ನೇ ನಿಷೇಧಿಸಿತು. ಇವತ್ತು ಅದೇ ದೇಶದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಪಿಸ್ತೂಲು ಅಡಗಿಸಿಕೊಂಡು ಓಡಾಡಬಹುದು, ಅಂಗಡಿಯಲ್ಲಿ ಚಪ್ಪಲಿ ಆರಿಸಿದ ಹಾಗೆ ಆರಿಸುತ್ತಾರೆ. ಅಲ್ಲಿ ಕರಿಯರು ಸುರಕ್ಷಿತವಾಗಿದ್ದಾರೆಯೇ ಅಂತ ಪತ್ರಿಕೆ ಓದುವ ನಿಮಗೇ ಗೊತ್ತು.

ಬಾಬಾಸಾಹೇಬರನ್ನೂ ನೆನೆಯಬೇಕು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ದೊಣ್ಣೆ ಹಿಡಿದು ನಮ್ಮ ಜನರ ಮೇಲೆ ಬಿದ್ದರು, ಉಣ್ಣುವ ಅನ್ನಕ್ಕೆ ಮಣ್ಣು ಹಾಕಿದರು. ಅಲ್ಲಿ ಸೈನ್ಯದಲ್ಲಿ ದುಡಿದು ಬಂದಿದ್ದ ಮಹಾರರಿದ್ದರು. ಆಯುಧ ಹಿಡಿದು ಪಳಗಿದ ಕೈಗಳು ಅವು. ಒಂದು ಮಾತಿಗೆ ಕಾಯುತ್ತಿದ್ದರು. ಬಾಬಾಸಾಹೇಬರು ಆ ಮಾತು ಆಡಲಿಲ್ಲ, ಅವರನ್ನು ತಡೆದರು, ಕೇಸು ನಡೆಸಿದರು. ಹೊಡೆದವರಲ್ಲಿ ಕೆಲವರಿಗೆ ಜೈಲಾಯಿತು. ಕೈಲಾಗದೆ ತಡೆದದ್ದಲ್ಲ ಅದು. ಹೊಡೆದಿದ್ದರೆ ಕೆರೆ ನೀರಿನ ಪ್ರಶ್ನೆ ಹೋಗಿ ಗಲಭೆಯ ಪ್ರಶ್ನೆ ಆಗುತ್ತಿತ್ತು. ನಮ್ಮ ಹುಡುಗನ ಮನೆಯ ಎರಡು ಎಕರೆಗೂ ಇದೇ ಅಪಾಯ ಇದೆ. ಇವತ್ತು ಅದು ಜಮೀನಿನ ಕೇಸು. ಒಂದು ಗುಂಡು ಹಾರಿದರೆ ಜಮೀನಿನ ಮಾತು ಯಾರೂ ಆಡುವುದಿಲ್ಲ.

ಜೀವ ಉಳಿಸಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ ಅನ್ನುವುದನ್ನೂ ಮರೆಯಬೇಡಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯವು. ಮೈಮೇಲೆ ಬಿದ್ದವನನ್ನು ಕೈಗೆ ಸಿಕ್ಕಿದ್ದರಲ್ಲಿ ತಡೆಯಬಹುದು, ಅಗತ್ಯಕ್ಕಿಂತ ಹೆಚ್ಚು ಹೊಡೆಯಬಾರದು. ಅದಕ್ಕೆ ಲೈಸೆನ್ಸು ಬೇಡ.

ಈಗ ಕೆಲಸದ ಮಾತು. ಹುಡುಗನ ಅಪ್ಪನ ಜೊತೆ ನಾವು ಮಾತಾಡಿದ್ದೇವೆ. ಎರಡು ಅರ್ಜಿ ಬರೆದಿದ್ದೇವೆ, ಎರಡೂ ಜಿಲ್ಲಾಧಿಕಾರಿಗೆ. ಒಂದರಲ್ಲಿ, 3ನೇ ನಿಯಮದ ಪ್ರಕಾರ ಆ ಊರನ್ನು ಗುರುತಿಸಿ, ಬಂದು ನೋಡಿ, ಅಲ್ಲಿರುವ ಬಂದೂಕುಗಳ ಲೈಸೆನ್ಸು ಪರಿಶೀಲಿಸಿ ಅಂತ. ಇನ್ನೊಂದರಲ್ಲಿ ಅಪ್ಪನ ಹೆಸರಿಗೆ ಲೈಸೆನ್ಸು ಕೊಡಿ ಅಂತ. ಎರಡನೆಯದು ಬೇಡ ಅಂತ ಹುಡುಗನ ಅವ್ವ ಹಟ ಹಿಡಿದಿದ್ದಾಳೆ. "ಆ ಸನಿ ನಮ್ಮನೇಗೆ ಬ್ಯಾಡ, ಅವ್ರ ಮನೇದು ಈಚೆಗ್ ಬರ್ಲಿ ಸಾಕು" ಅಂತಾಳೆ. ಅವಳ ಮಾತಿನಲ್ಲಿ ಸತ್ಯ ಇದೆ. ಅಪ್ಪ ಇನ್ನೂ ತೀರ್ಮಾನ ಮಾಡಿಲ್ಲ. ಮಾಡಬೇಕಾದವರು ಅವರಿಬ್ಬರು, ನಾವಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು, ಅಲ್ಲಿ ಈ ವಿಷಯ ಎತ್ತಲು ಸಮಿತಿಯ ಸದಸ್ಯರೊಬ್ಬರಿಗೆ ಹೇಳಿದ್ದೇವೆ.

ನಿಮ್ಮಿಂದ ಬೇಕಾದ್ದು ಪಿಸ್ತೂಲಲ್ಲ. ಬೈಕು ಬಂದ ರಾತ್ರಿಗಳ ತಾರೀಖು, ಹೊತ್ತು, ಗಾಡಿ ನಂಬರು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಬೇಕು. ರಜೆಯಲ್ಲಿ ನಾಲ್ಕು ನಾಲ್ಕು ಜನ ಸರದಿ ಪ್ರಕಾರ ಆ ಕೇರಿಯಲ್ಲಿ ಮಲಗಬೇಕು, ಹಾರನ್ ಹೊಡೆದರೆ ಹತ್ತು ಮನೆಯ ದೀಪ ಹತ್ತಬೇಕು. ಸೋಮವಾರ ಬೆಳಗ್ಗೆ ಎಂಟಕ್ಕೆ ಮರಳವಾಡಿ ಬಸ್ ಸ್ಟ್ಯಾಂಡಿನಲ್ಲಿ ಸೇರೋಣ. ದೂರಿನ ಪ್ರತಿ, ಪಹಣಿ, ಮಂಜೂರಾತಿ ಪತ್ರ ಮೂರು ಮೂರು ಜೆರಾಕ್ಸು ಇರಲಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಯಾರೂ ಮೇಜು ಬಿಟ್ಟು ಏಳಬಾರದು. ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮಿನ ಪುಟವನ್ನು ಈ ಸಲ ನಾವು ಜೇಬಿನಲ್ಲೇ ಇಟ್ಟುಕೊಂಡು ಬರುತ್ತೇವೆ.